ಪೆಡಲಿಗೊಂದು ನಮಸ್ಕಾರ

ಮದುಮಗಳು ಚರ್ಚಿನ ಹೊಸಿಲು ದಾಟಿದಳು. ನಾನು ಆರ್ಗನ್ನಿನ ಮೇಲೆ ಬೆರಳಿಟ್ಟೆ. ಮೆಲ್ಲಗೆ ಕೊಳಲು ಕೇಳಬೇಕಿದ್ದ ಸ್ಪೀಕರಿನಿಂದ ನೂರು ಕಹಳೆಗಳು ಒಟ್ಟಿಗೇ ಮೊಳಗಿದವು. ಅವಳು ಹೌಹಾರಿ ಅಪ್ಪನ ತೋಳು ಹಿಡಿದುಕೊಂಡಳು.

ಮಧುಗಿರಿಯ ನಮ್ಮ ಪುಟ್ಟ ಚರ್ಚಿನಲ್ಲಿ ನಿಜವಾದ ಪೈಪ್ ಆರ್ಗನ್ ಇಲ್ಲ. ನಾನು ನುಡಿಸುವುದು ಕೀಬೋರ್ಡು, ಅದರ ದನಿಗಳೆಲ್ಲ ನನ್ನ ಲ್ಯಾಪ್‌ಟಾಪಿನೊಳಗಿವೆ. ಬರುವಾಗ ಕೊಳಲು, ಪ್ರಾರ್ಥನೆಗೆ ತಂತಿವಾದ್ಯ, ಹೊರಡುವಾಗ ಕಹಳೆ ಎಂದು ಮೊದಲೇ ಸಾಲಾಗಿ ಜೋಡಿಸಿಟ್ಟಿರುತ್ತೇನೆ. ಪೆಡಲನ್ನು ಕಾಲಿನಿಂದ ಒಮ್ಮೆ ಒತ್ತಿದರೆ ಮುಂದಿನ ದನಿ ಬರುತ್ತದೆ. ಆದರೆ ನಾನು ಒತ್ತಿಯೇ ಇರಲಿಲ್ಲ!

ಗಾಬರಿಯಲ್ಲಿ ಮತ್ತೆ ಕೊಳಲಿಗೆ ತಂದೆ. ಮದುಮಗಳು ಎರಡು ಹೆಜ್ಜೆ ಇಟ್ಟಿರಬೇಕು, ಮತ್ತೆ ಕಹಳೆ. ಈ ಸಲ ಬಗ್ಗಿ ನೋಡಿದೆ. ಪಕ್ಕದಲ್ಲಿ ಕೂತಿದ್ದ ನಿಂಗಜ್ಜಿ, ಮದುಮಗಳ ನೆರೆಮನೆಯ ಕುರಿ ಸಾಕುವ ಅಜ್ಜಿ, ಪೆಡಲನ್ನು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

"ಆಗ್ಲೇ ಕಾಲು ತಾಗ್ಬುಡ್ತು ಕಣಪ್ಪಾ. ತಪ್ಪಾಯ್ತು ಅಂತ ಮುಟ್ಟುದ್ರೆ, ಇನ್ನೂ ಜೋರಾಗಿ ಸಿಟ್ಮಾಡ್ಕಂತು!"

"ಅಜ್ಜೀ, ಮುಟ್ಬೇಡಿ. ಅದನ್ನ ಕಾಲಲ್ಲೇ ಒತ್ತೋದು" ಎಂದೆ.

ಅಜ್ಜಿ ನನ್ನ ಕಾಲನ್ನೂ ಮುಖವನ್ನೂ ನೋಡಿದರು. "ವಾದ್ಯವ ದಿನಾ ತುಳೀತೀಯಾ? ಅದ್ಕೇ ಕಣಪ್ಪಾ ಅದಕ್ಕೆ ಸಿಟ್ಟು!"

ಅಂದಿನಿಂದ ನನ್ನ ಸಾಲಿನ ಮೊದಲ ಜಾಗದಲ್ಲಿ ಯಾವ ದನಿಯೂ ಇಲ್ಲ. ಕೂತ ಕೂಡಲೇ ಬಗ್ಗಿ ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಆಮೇಲೆಯೇ ಕೊಳಲು.