ಮೊಳೆಯ ಸುತ್ತಲಿನ ತೊಗಟೆ

ಧನಕವಡಿಯಲ್ಲಿ ನಮ್ಮ ಕಾಲೇಜಿನ ಹೊರಗಿರುವ ಹೊಂಗೆ ಮರ ಬಂದರೆ ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ. ರಸಾಯನಶಾಸ್ತ್ರದ ಮೇಷ್ಟ್ರು ಮರಕ್ಕೆ ಹೆದರುತ್ತಾರೆಂದು ಹೆಂಡತಿಗೆ ನಗು. ನಗಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಕಾತ್ರಜ್‌ನಿಂದ ವಾಪಸ್ ಬಂದವನು ನಾನು.

ನನ್ನ ಬಳಿ ಪಿಎಚ್‌ಡಿ ಮಾಡುತ್ತಿದ್ದ ಧಾರವಾಡದ ಹುಡುಗಿ ಆ ಮರದ ತೊಗಟೆ ಪುಡಿಮಾಡಿ, ನೆನೆಸಿ, ಸಾರ ಇಳಿಸಿ, ಅದರಲ್ಲಿದ್ದುದನ್ನೆಲ್ಲ ಒಂದೊಂದಾಗಿ ಬೇರ್ಪಡಿಸಿದಾಗ ಅತಿನೇರಳೆ ದೀಪದ ಕೆಳಗೆ ಒಂದು ನೀಲಿ ಚುಕ್ಕೆ ಹೊಳೆಯಿತು. ಅದರ ಅಣುತೂಕ ಯಾವ ಹಳೆಯ ವರದಿಗೂ ಹೊಂದಲಿಲ್ಲ. ಸಿಕ್ಕಿದ್ದು ಮಾತ್ರ ಉಗುರಿನ ತುದಿಯಷ್ಟು. ಪೂರ್ತಿ ರಚನೆ ತಿಳಿಯಲು ಸಾಲದು. ಅದು ತಿಳಿಯದೆ ಅವಳ ಪ್ರಬಂಧ ಪೂರ್ತಿಯಾಗುವಂತಿರಲಿಲ್ಲ.

ಎರಡನೇ ಸಲ ಅದೇ ಮರದ ತೊಗಟೆ ತಂದೆವು. ಚುಕ್ಕೆಯೇ ಇಲ್ಲ!

ಮೊದಲ ಸಲದ ನೀಲಿ ಹೊರಗಿನಿಂದ ಬೆರೆತದ್ದಿರಬೇಕೆಂದು ನಾನು ದ್ರಾವಕದ ಪ್ಲಾಸ್ಟಿಕ್ ಕ್ಯಾನನ್ನು ಅನುಮಾನಿಸಿದೆ, ಕೈಗವಸನ್ನು, ಕೊನೆಗೆ ನನ್ನ ಮೀಸೆಯ ಬಣ್ಣವನ್ನೂ. ತೊಗಟೆ ಹಾಕದೆ, ಬರೀ ದ್ರಾವಕದಲ್ಲೇ ಎಲ್ಲವನ್ನೂ ಮತ್ತೆ ಮಾಡಿಸಿದೆ. ಏನೂ ಬರಲಿಲ್ಲ.

“ನಿಮ್ಮ ಮೀಸಿ ಪಾರಾತು ನೋಡ್ರಿ ಸರ್,” ಎಂದಳು, ನಗದೆ.

ಆಮೇಲೆ ಮೊದಲ ಸಲದ್ದೆಂದು ಎತ್ತಿಟ್ಟಿದ್ದ ತುಣುಕನ್ನು ಬೆಳಕಿಗೆ ಹಿಡಿದಳು. “ಸರ್, ಇದರಾಗ ಮೊಳಿ ತೂತು ಅದ.”

ಹೌದು. ಯಾರಾದರೂ ಬೈದಾರೆಂದು ಹೆದರಿ, ಆ ಸಲ ಮರಕ್ಕೆ ಮೊಳೆ ಬಡಿದು ಹಾಕಿದ್ದ ಟ್ಯೂಷನ್ ಕ್ಲಾಸಿನ ಬೋರ್ಡಿನ ಮರೆಯಲ್ಲಿ ಕೆತ್ತಿಸಿದವನು ನಾನೇ. ಮೊಳೆಗಳ ಸುತ್ತಲಿಂದ ಮತ್ತೆ ತೆಗೆದೆವು. ನೀಲಿ ಬಂತು. ಚುಚ್ಚಿದ ಕಡೆ ಮಾತ್ರ ಮರ ಅದನ್ನು ಮಾಡಿಕೊಳ್ಳುತ್ತಿತ್ತು.

“ಇನ್ನೂ ಬೇಕಲ್ರಿ. ಹೊಸಾ ಮೊಳಿ ಬಡಿಯೋದೇನ್ರಿ?”

“ಬೇಡಮ್ಮ. ಊರೇ ಬಡಿದಿಟ್ಟಿದೆ.”

ಪಕ್ಕದ ಬಿಬವೇವಾಡಿಯ ಹೊಂಗೆಗಳ ಮೇಲೆ ಬಾಡಿಗೆ ರೂಮು, ಗೆದ್ದಲಿನ ಔಷಧ, ಇಂಗ್ಲಿಷ್ ಕ್ಲಾಸು, ಏನೆಲ್ಲ ಬೋರ್ಡು. ಪ್ರತಿ ಮೊಳೆಯ ಸುತ್ತಲೂ ಅದೇ ನೀಲಿ. ರಚನೆ ಸಿಕ್ಕಿತು, ಪ್ರಬಂಧ ಉಳಿಯಿತು. ಎಲ್ಲರೂ ಕೈಕುಲುಕಿದರು. ನನಗೆ ಮಾತ್ರ ಅಂದಿನಿಂದ ಹಗಲಲ್ಲೂ ಬೋರ್ಡುಗಳ ಹಿಂದೆ ನೀಲಿ ದೀಪ ಹಚ್ಚಿಟ್ಟ ಹಾಗೆ ಕಾಣುತ್ತದೆ.

ಊರಿಗೆ ಹೊರಡುವ ಮುನ್ನ ಅವಳು ಇಕ್ಕಳ ತಂದಳು. ಕಾಲೇಜಿನ ಹೊರಗಿನ ಹೊಂಗೆಯ ಮೇಲಿನ ಬೋರ್ಡು ಇಳಿಸಿ ಮೊಳೆಗಳನ್ನು ಕಿತ್ತೆವು. ಒಂದು ಮಾತ್ರ ಬರಲಿಲ್ಲ. ತೊಗಟೆ ಅದರ ತಲೆಯ ಮೇಲೆ ಬೆಳೆದುಬಿಟ್ಟಿತ್ತು.

“ಈಗ ನೀಲಿ ನಿಲ್ತದೇನ್ರಿ ಸರ್?”

ಉಬ್ಬಿದ ಜಾಗದ ಮೇಲೆ ಬೆರಳಿಟ್ಟೆ. ಒಳಗೆ ಮೊಳೆ ಗಟ್ಟಿಯಾಗಿ ತಗುಲಿತು.

“ನಿಲ್ಲುತ್ತೆ ಬಿಡಮ್ಮ,” ಎಂದೆ. ಅವಳ ಬಸ್ಸಿಗೆ ಹೊತ್ತಾಗಿತ್ತು.