ಐಸ್‌ಲ್ಯಾಂಡಿನಲ್ಲೂ ನೆರಳು ಹುಡುಕಿದೆವು

"ಇಷ್ಟು ಒಳ್ಳೆಯ ಬಿಸಿಲಿರುವಾಗ ನೆರಳಲ್ಲಿ ಕೂತು ಯಾಕೆ ನಡುಗುತ್ತಿದ್ದೀರಿ?"

ಐಸ್‌ಲ್ಯಾಂಡಿನ ಜಲಪಾತವೊಂದರ ಎದುರು ಚಪಾತಿ, ಶೇಂಗಾ ಚಟ್ನಿ ತಿನ್ನುತ್ತಿದ್ದ ನಮ್ಮನ್ನು ಅಲ್ಲಿಯ ಅಜ್ಜಿಯೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು. ನಾನು, ಯಜಮಾನರು, ಮಗಳು ಮುಖ ಮುಖ ನೋಡಿಕೊಂಡೆವು. ಬೇಸಿಗೆ ರಜೆಗೆ ಕತಾರಿನಿಂದ ಹೋದ ನಮ್ಮ ಕಾಲುಗಳು ತಾವಾಗಿಯೇ ಅಲ್ಲಿದ್ದ ಕಟ್ಟಡವೊಂದರ ಗೋಡೆಯ ನೆರಳು ಹುಡುಕಿಕೊಂಡಿದ್ದವು!

"ದೋಹಾದಾಗ ಬಿಸಲಿಗೆ ಅಂಜಿ ಅಂಜಿ ಇದ ರೂಢಿ ಆಗೇತಿ ನೋಡು," ಎಂದು ಯಜಮಾನರು ನಕ್ಕರು. ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಅಜ್ಜಿಯೂ ಬಿದ್ದು ಬಿದ್ದು ನಕ್ಕರು. "ನಮಗೆ ಇಂಥ ಬಿಸಿಲು ಅಪರೂಪ, ಬನ್ನಿ," ಎಂದು ತಮ್ಮ ಬೆಂಚಿನ ಬಿಸಿಲಿನ ತುದಿಯನ್ನು ನಮಗೆ ಬಿಟ್ಟುಕೊಟ್ಟು, ತಾವು ನೆರಳಿನತ್ತ ಸರಿದು ಕುಳಿತರು.

ಈಗ ದೋಹಾದ ಅಲ್ ಗರಾಫಾದಲ್ಲಿ ಕಾರಿಗೆ ನೆರಳು ಸಿಗದೆ ಸುತ್ತುವಾಗ ಬಿಸಿಲನ್ನು ಬೈಯಲು ಬಾಯಿ ತೆರೆಯುತ್ತೇನೆ. ಆ ಅಜ್ಜಿ ನೆನಪಾಗಿ, ನಗು ಬಂದು, ಬೈಗುಳ ಅಲ್ಲಿಗೇ ನಿಲ್ಲುತ್ತದೆ.