ಮನಿ ಅಲ್ಲ, ಮನೆ

ಇವತ್ತು ಕುಷ್ಟಗಿ ಬಸ್ ಸ್ಟ್ಯಾಂಡ್ ಹತ್ರ ಪಂಚರ್ ಸಲೂಷನ್ ವಾಸನಿ ಮೂಗಿಗೆ ಬಡೀತು. ನನಗ ಆ ವಾಸನಿ ಬಂದ್ರ ಕತಿ ಪುಸ್ತಕನ ನೆನಪಾಗ್ತಾವ.

ನಾವು ಸಣ್ಣವರಿದ್ದಾಗ ಸೈಕಲ್ ಅಂಗಡಿ ಖಾಜಾ ಚಾಚಾ ಪ್ರತಿ ಶನಿವಾರ ಅಂಗಡಿ ಮುಚ್ಚಿ, ನಮ್ಮ ಸಾಲಿಗೆ ಬಂದು ಕತಿ ಪುಸ್ತಕ ಓದಸ್ತಿದ್ರು. ಹರಿದ ಹಾಳಿಗೂ ಅದ ಸಲೂಷನ್ ಹಚ್ಚಿ ಅಂಟಸ್ತಿದ್ರು.

ಒಂದಿನ ರೇಣವ್ವ ಅನ್ನೋ ಹುಡುಗಿ 'ಮನೆ' ಅಂತ ಇದ್ದದ್ದನ್ನ 'ಮನಿ' ಅಂತ ಓದಿದ್ಲು. ನಾನು ಜೋರಾಗಿ ನಕ್ಕೆ.

"ಯಾಕ ನಗ್ತೀಯೋ? ನಿಮ್ಮ ಮನ್ಯಾಗ ಏನಂತಾರ?" ಅಂದ್ರು ಚಾಚಾ.

ರೇಣವ್ವ ಮತ್ತ ಯಾವತ್ತೂ ಬಾಯಿಬಿಟ್ಟು ಓದಲಿಲ್ಲ. ಮುಂದಿನ ವರ್ಷ ಸಾಲೀನ ಬಿಟ್ಲು.

ಚಾಚಾ ಈಗಿಲ್ಲ. ಅದ ಸಾಲ್ಯಾಗ ಶನಿವಾರ ನಾನ ಓದಸ್ತೀನಿ. ಇವತ್ತು ಒಬ್ಬಾಕಿ ಸಣ್ಣ ಹುಡುಗಿ 'ಮನಿ' ಅಂತ ಓದಿದ್ಲು.

"ಮನಿ ಅಲ್ಲವ್ವಾ, ಮನೆ" ಅಂದುಬಿಟ್ಟೆ.

ಆಕಿ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಲು.